ನಿಂತು ನೋಡುವ ಸದಸ್ಯ

ನನಗೆ ಕ್ಷಮಿಸಲು ಬರುವುದಿಲ್ಲ. ಮನೆಯವರೆಲ್ಲ ಇದನ್ನು ಬಲ್ಲರು. ವಯಸ್ಸಾದ ಮೇಲಾದರೂ ಬುದ್ಧಿ ಬಂದೀತೆಂದು ಕಾದು ಕಾದು ಕೈಬಿಟ್ಟಿದ್ದಾರೆ. ಒಮ್ಮೆ ಊರಿನ ಮಠದಲ್ಲಿ ಸ್ವಾಮಿಗಳೊಬ್ಬರು ಇಡೀ ಸಂಜೆ ಕ್ಷಮೆಯ ಬಗ್ಗೆಯೇ ಮಾತಾಡಿದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದೆ. ಆದರೆ ಹೊಸಪೇಟೆಯ ಒಬ್ಬ ವಕೀಲನನ್ನು ಮಾತ್ರ ಮನಸ್ಸಿನಲ್ಲೇ ಆ ಮಾತಿನಿಂದ ಹೊರಗಿಟ್ಟೆ. ಈಗ ಬರೆಯುತ್ತಿರುವುದು ಅವನ ವಿಷಯ.

ನಮ್ಮದು ಕಂಪ್ಲಿ. ಹೊಳೆ ನೀರಿನ ಗದ್ದೆ, ಒಂದಿಷ್ಟು ಕಬ್ಬು, ಬೆಲ್ಲ ಮಾಡುವ ಆಲೆಮನೆ. ಚದುರಂಗ ನಮ್ಮ ಮನೆಗೆ ಅಜ್ಜಿಯ ಸಂಗಡ ಬಂದದ್ದು. ಆಕೆಗೆ ಆಕೆಯ ತಂದೆ ಕಲಿಸಿದ್ದನಂತೆ. ಮಧ್ಯಾಹ್ನ ಅಡಿಗೆಮನೆಯ ಕೆಲಸ ಮುಗಿಸಿ, ಪಡಸಾಲೆಯಲ್ಲಿ ಆಟದ ಮನೆಗಳಿದ್ದ ಕೆಂಪು ಬಟ್ಟೆಯ ಹಾಸು ಬಿಚ್ಚಿ, ಮರದ ಕಾಯಿಗಳನ್ನು ಇಟ್ಟು ಕುಳಿತಳೆಂದರೆ ಎದುರು ಕೂರಲು ಊರಿನ ಗಂಡಸರು ಹಿಂದೆಮುಂದೆ ನೋಡುತ್ತಿದ್ದರು. ಸೋತವರಿಗೆ ಆಕೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಗೆದ್ದವರಿಗೆ ಏನು ಕೊಡುತ್ತಿದ್ದಳೋ ನಾನು ನೋಡಿದ್ದಿಲ್ಲ.

ಅಜ್ಜಿಯ ಆಟಕ್ಕೆ ನಮ್ಮ ಕಡೆಯ ಹಳೆಯ ಕಟ್ಟಳೆ. ಅದರಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಶಹ ಬಿದ್ದಿದ್ದರೂ ಸರಿ, ಬೀಳದಿದ್ದರೂ ಸರಿ. ಇನ್ನು, ಮಂತ್ರಿಯಿಂದಲೋ ಆನೆಯಿಂದಲೋ ಎದುರಾಳಿಯ ರಾಜನಿಗೆ ದಾರಿಯಿಲ್ಲದಂತೆ ಕಟ್ಟಿ ಮಾತ್ ಮಾಡಿದರೆ ಅದು ಬರೀ ಗೆಲುವು. ಕಾಲಾಳಿನಿಂದ ಮಾಡಿದರೆ ಅದು ಮರ್ಯಾದೆ. ತನ್ನ ಮೇಲೆ ಪೂರ್ತಿ ನಂಬಿಕೆಯಿದ್ದವನು ಆಟಕ್ಕೆ ಮುಂಚೆಯೇ ತನ್ನ ಒಂದು ಕಾಲಾಳಿಗೆ ದಾರ ಕಟ್ಟಿ, ಇದರಿಂದಲೇ ನಿನಗೆ ಮಾತ್ ಎಂದು ಎದುರಾಳಿಗೆ ತೋರಿಸಿ ಇಡುತ್ತಿದ್ದ. ಆ ದಾರದ ಕಾಯಿಯಿಂದ ಸೋತವನು ಕೆಲವು ದಿನ ಸಂತೆಗೆ ಹೋಗಲು ನಾಚುತ್ತಿದ್ದ. ದಾರ ಕಟ್ಟಿಯೂ ಸೋತವನ ಪಾಡು ಅದಕ್ಕಿಂತ ಕಡೆ.

ಹೈಸ್ಕೂಲಿಗೆಂದು ನನ್ನನ್ನು ಹೊಸಪೇಟೆಯ ಸೋದರಮಾವನ ಮನೆಯಲ್ಲಿ ಬಿಟ್ಟರು. ಅಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಮಹಡಿಯ ಮೇಲೆ ಚದುರಂಗದ ಸಂಘವಿತ್ತು. ವಕೀಲರು, ಕಚೇರಿಯ ಅಧಿಕಾರಿಗಳು, ಒಬ್ಬಿಬ್ಬರು ಡಾಕ್ಟರರು ಸಂಜೆ ಅಲ್ಲಿ ಸೇರುತ್ತಿದ್ದರು. ಬೆತ್ತದ ಕುರ್ಚಿಗಳು, ಸಂಡೂರಿನ ದೊಡ್ಡವರೊಬ್ಬರು ಕೊಟ್ಟ ದಂತದ ಕಾಯಿಗಳು, ಇಂಗ್ಲಿಷರ ಕಟ್ಟಳೆಯ ಆಟ. ನನ್ನ ವಕೀಲ ಆ ಸಂಘದ ಕಾರ್ಯದರ್ಶಿ. ತೆಳ್ಳಗೆ, ಬೆಳ್ಳಗೆ, ಕನ್ನಡಕ ಹಾಕಿದ ಮನುಷ್ಯ. ಊರಿನಲ್ಲಿ ಅವನನ್ನು ಸೋಲಿಸಿದವರಿಲ್ಲ ಎಂಬ ಮಾತಿತ್ತು. ಆ ಮಾತನ್ನು ಅವನೇ ಹೆಚ್ಚು ಸಲ ಹೇಳುತ್ತಿದ್ದ.

ಆ ಹೊತ್ತಿಗೆ ಮದರಾಸಿನ ದೊಡ್ಡ ಸಂಘವೊಂದು ಊರೂರಿನ ಚದುರಂಗ ಸಂಘಗಳನ್ನೆಲ್ಲ ಒಂದೇ ಸೂರಿನಡಿ ತರಲು ಹೊರಟಿತ್ತು. ಹದಿನೆಂಟು ತುಂಬದವರನ್ನೂ ಸೇರಿಸಿಕೊಳ್ಳಿ, ಅವರಲ್ಲಿ ಗಟ್ಟಿಗರನ್ನು ಮದರಾಸಿನ ಪಂದ್ಯಕ್ಕೆ ಕಳಿಸಿ ಎಂದು ಅಲ್ಲಿಂದ ಹೇಳಿಕೆ ಬಂತು. ನಮ್ಮ ಕಾರ್ಯದರ್ಶಿ ಕೂಡಲೇ ಕಿರಿಯ ಸದಸ್ಯತ್ವವನ್ನು ಮೂರು ಬಗೆ ಮಾಡಿದ. ಸದಸ್ಯರ ಮಕ್ಕಳದು ಒಂದು ಬಗೆ. ಅವರಿಗೆ ಹುಟ್ಟಿದ್ದೇ ಅರ್ಹತೆ. ಎರಡನೆಯವರು ಆಡುವ ಕಿರಿಯರು. ಇವರು ಕಾರ್ಯದರ್ಶಿಯ ಎದುರು ಒಂದು ಪರೀಕ್ಷೆಯ ಆಟ ಆಡಿ ಸೈ ಅನ್ನಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಸೈ ಅನ್ನಿಸಿಕೊಳ್ಳದವರು ನೋಡುವ ಕಿರಿಯರು. ಇವರು ಬರಬಹುದು, ನಿಂತು ನೋಡಬಹುದು. ಕುರ್ಚಿಯಿಲ್ಲ, ಬಾಯಿ ತೆರೆಯುವಂತಿಲ್ಲ, ಮದರಾಸಂತೂ ಇಲ್ಲವೇ ಇಲ್ಲ.

ನನಗೆ ಮದರಾಸಿಗೆ ಹೋಗಬೇಕಿತ್ತು. ಸಮುದ್ರ ನೋಡಬೇಕಿತ್ತು, ಅಲ್ಲಿ ಗೆಲ್ಲಬೇಕಿತ್ತು, ಗೆದ್ದು ಬಂದು ಅಜ್ಜಿಯ ಮುಂದೆ ಹೇಳಬೇಕಿತ್ತು. ಇಂಗ್ಲಿಷರ ಕಟ್ಟಳೆಯನ್ನು ಸಹಪಾಠಿಗಳಿಂದ ಕಲಿತು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಪರೀಕ್ಷೆಗೆ ಹೋದೆ. ಆಟ ಚೆನ್ನಾಗಿಯೇ ನಡೆದಿತ್ತು. ವಕೀಲನ ಹುಬ್ಬು ಗಂಟಾದದ್ದನ್ನು ನಾನೇ ಕಂಡೆ. ಅಷ್ಟರಲ್ಲಿ ಅವನ ಒಂಟೆ ನನ್ನ ರಾಜನ ದಾರಿಗೆ ಬಂತು. ಹುಟ್ಟಿದಾಗಿನಿಂದ ಅಜ್ಜಿಯ ಹಾಸಿನ ಮೇಲೆ ಆಡಿದ ಕೈ ತನ್ನಷ್ಟಕ್ಕೆ ತಾನೇ ರಾಜನನ್ನು ಎತ್ತಿ ಕುದುರೆಯ ಹಾಗೆ ಜಿಗಿಸಿಬಿಟ್ಟಿತು.

ವಕೀಲ ಕುರ್ಚಿಗೆ ಒರಗಿ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಲೇ ತಮ್ಮಾ, ನಿಮ್ಮ ಕಂಪ್ಲ್ಯಾಗ ರಾಜ್ರು ಜಿಗೀತಾರೇನು?"

ಮಹಡಿಗೆ ಮಹಡಿಯೇ ನಕ್ಕಿತು. ಕೈ ತಪ್ಪಿತು, ಕಾಯಿ ಹಿಂದಿಡುತ್ತೇನೆ ಎಂದೆ. ನಮ್ಮಜ್ಜಿ ಹೀಗೆ ಕಲಿಸಿದ್ದಾರೆ ಎಂದೂ ಸೇರಿಸಿದೆ. ನಗು ಇನ್ನೂ ಜೋರಾಯಿತು. ಅವನು ಹಲಗೆಯ ಮೇಲಿನ ಕಾಯಿಗಳನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದ.

"ಅಜ್ಜಿ ಕಲಿಸಿದ್ದು ಅಡಿಗಿಮನ್ಯಾಗ ಇರ್ಲಿ. ನೋಡೋದೂ ಒಂದು ಸದಸ್ಯತ್ವನ. ನಿಂತು ನೋಡು."

ಮರುದಿನ ಶಾಲೆಯಲ್ಲಿ ನನ್ನ ಹೆಸರು ಬದಲಾಗಿತ್ತು. ಸದಸ್ಯರ ಮಕ್ಕಳು ಕಾಣುವಲ್ಲೆಲ್ಲ ಜಿಗಿಯೋ ರಾಜ ಎಂದು ಕೂಗಿದರು. ನನ್ನನ್ನು ಬೈದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆ ಹಾಸಿನ ಮುಂದೆ ನೆಟ್ಟಗೆ ಕೂರುತ್ತಿದ್ದ ಅಜ್ಜಿಯನ್ನು, ಆಕೆಯನ್ನು ಕಂಡೇ ಇರದ ಮನುಷ್ಯ, ಅಡಿಗೆಮನೆಗೆ ಅಟ್ಟಿದ್ದ. ಇದು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಉಳಿಯಿತು. ಉರಿ ಆರದ ಹಾಗೆ ನಾನೂ ನೋಡಿಕೊಂಡೆ.

ಸಂಘಕ್ಕೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಅವನು ಗೆದ್ದ ಹಾಗೆ ಎಂದು ದಿನಾ ಹೋಗಿ ಗೋಡೆಯ ಪಕ್ಕ ನಿಂತೆ. ಪ್ರತಿ ವರ್ಷ ಪರೀಕ್ಷೆಯ ಆಟ ಕೇಳಿದೆ. ಪ್ರತಿ ವರ್ಷವೂ ಮುಂದಿನ ವರ್ಷ ಎಂದ. ಮಂತ್ರಿಯನ್ನು ಕಾಯ್ದುಕೊಳ್ಳಲೂ ಬಾರದ ಸದಸ್ಯರ ಮಗನೊಬ್ಬ ಮದರಾಸಿಗೆ ಹೋದ. ಮೊದಲ ಆಟದಲ್ಲೇ ಸೋತು, ಕಡಲತೀರದ ಕಪ್ಪೆಚಿಪ್ಪು ತಂದು ಎಲ್ಲರಿಗೂ ಹಂಚಿದ. ನನಗೂ ಒಂದು ಕೊಟ್ಟ. ಅದನ್ನು ಸ್ಟೇಷನ್ನಿನ ಹತ್ತಿರದ ಚರಂಡಿಗೆ ಎಸೆದು ಮನೆಗೆ ಹೋದೆ.

ನಿಂತು ನೋಡುವುದರಿಂದ ಒಂದು ಲಾಭವಿದೆ. ಕುಳಿತವನಿಗೆ ಆಟ ಮಾತ್ರ ಕಾಣುತ್ತದೆ, ನಿಂತವನಿಗೆ ಆಡುವವನೂ ಕಾಣುತ್ತಾನೆ. ಆ ವಕೀಲನನ್ನು ಅವನ ಹೆಂಡತಿಯೂ ನನ್ನಷ್ಟು ನೋಡಿರಲಾರಳು. ಕಷ್ಟಕ್ಕೆ ಸಿಕ್ಕಾಗ ನಶ್ಯದ ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತಿದ್ದ. ಎದುರಾಳಿ ಆಸೆಯಿಂದ ಮುಂದೆ ಬಂದರೆ ಸುಮ್ಮನೆ ದಾರಿ ಬಿಡುತ್ತಿದ್ದ. ಗೆಲ್ಲುವ ನಡೆ ಕಂಡಿತೋ, ಮೊದಲು ಕನ್ನಡಕ ತೆಗೆದು ಶಲ್ಯದ ಅಂಚಿನಿಂದ ನಿಧಾನವಾಗಿ ಒರೆಸುತ್ತಿದ್ದ, ಆಮೇಲೆ ಕಾಯಿ ಎತ್ತುತ್ತಿದ್ದ. ಕನ್ನಡಕ ಒರೆಸಿದ ಮೇಲೆ ಅವನು ಸೋತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ರಜೆ ಬಂದರೆ ಹಂಪಿಗೆ ನಡೆದು ಹೋಗುತ್ತಿದ್ದೆ. ಅಲ್ಲಿನ ಮಂಟಪಗಳ ನೆಲದಲ್ಲಿ ಯಾವ ಕಾಲದವರೋ ಆಟದ ಮನೆಗಳನ್ನು ಕೊರೆದಿದ್ದಾರಲ್ಲ, ಅಂಥ ಒಂದು ಬಂಡೆಯ ಮೇಲೆ ಇದ್ದಿಲಿನಿಂದ ನನ್ನ ಮನೆಗಳನ್ನು ಗೆರೆ ಹಾಕಿ, ಹುಣಸೆಬೀಜ, ಕಲ್ಲುಹರಳು ಇಟ್ಟು ಅವನ ಆಟಗಳನ್ನು ಮತ್ತೆ ಆಡುತ್ತಿದ್ದೆ. ಹುಣಸೆಬೀಜ ನಾನು, ಕಲ್ಲು ಅವನು. ಆ ಮಂಟಪದಲ್ಲಿ ಅವನು ನನ್ನ ಕೈಯಲ್ಲಿ ಸೋಲದ ದಿನವಿಲ್ಲ. ಒಮ್ಮೊಮ್ಮೆ ಗೆದ್ದ ಮೇಲೆ ಕಲ್ಲಿನ ರಾಜನನ್ನು ಹೊಳೆಗೆ ಎಸೆಯುತ್ತಿದ್ದೆ. ಹೀಗೆ ಆಡುವಾಗಲೆಲ್ಲ ಇಂಗ್ಲಿಷರ ಕಟ್ಟಳೆಯೇ. ಅವನ ರಾಜ ಜಿಗಿಯುವವನಲ್ಲವಲ್ಲ.

ಹದಿನೆಂಟು ತುಂಬಿದಾಗ ಹಿರಿಯ ಸದಸ್ಯನಾಗಿಯಾದರೂ ಸೇರಿಸಿಕೊಳ್ಳಿ ಎಂದು ಕೇಳಲು ಹೋದೆ. ಹಿರಿಯನಾಗಬೇಕಾದರೆ ಮೊದಲು ಆಡುವ ಕಿರಿಯನಾಗಿರಬೇಕು ಎಂದ. ಹಾಗಾದರೆ ಆ ಪರೀಕ್ಷೆ ಕೊಡಿ ಎಂದೆ. ಕಿರಿಯರ ಪರೀಕ್ಷೆ ಹದಿನೆಂಟರ ಒಳಗಿನವರಿಗೆ ಎಂದ. ಕಾನೂನು ಹಾಗಿದೆ, ತಾನೇನು ಮಾಡಲಿ ಎಂದು ಕೈ ಚೆಲ್ಲಿದ. ಕಾನೂನು ಮಾಡಿದವನೇ ಅವನು. ಮೆಟ್ಟಿಲು ಇಳಿಯುತ್ತ ತೀರ್ಮಾನ ಮಾಡಿದೆ: ಈ ಮನುಷ್ಯನಿಗೆ ಒಂದಲ್ಲ ಒಂದು ದಿನ ನಮ್ಮೂರಿನಲ್ಲಿ, ನಮ್ಮ ಹಾಸಿನ ಮೇಲೆ, ನಾಲ್ಕು ಜನರ ಎದುರಿಗೆ, ದಾರ ಕಟ್ಟಿದ ಕಾಲಾಳಿನಿಂದ ಮಾತ್ ಹೇಳಬೇಕು.

ಕಂಪ್ಲಿಗೆ ಬಂದು ಆಲೆಮನೆ ನೋಡಿಕೊಂಡೆ. ಮನೆಯ ಮುಂದಿನ ಕಟ್ಟೆಯ ಮೇಲೆ ಸಂಜೆ ಚದುರಂಗ ಶುರುಮಾಡಿದೆ. ಅಜ್ಜಿಗೆ ಅಷ್ಟರಲ್ಲಿ ಕಣ್ಣು ಮಂದವಾಗಿತ್ತು. ಆದರೂ ಬಾಗಿಲ ಒಳಗೆ ಕುಳಿತು, ನಾವು ನಡೆ ಹೇಳಿದರೆ ಸಾಕು, ತಪ್ಪು ಹಿಡಿಯುತ್ತಿದ್ದಳು. ವರ್ಷಗಳು ಹೋದ ಹಾಗೆ ನಮ್ಮ ಕಟ್ಟೆಗೆ ಹೆಸರು ಬಂತು. ಸಂಡೂರಿನಿಂದ ಗಾಡಿ ಕಟ್ಟಿಕೊಂಡು ಬಂದರು, ಹೊಳೆಯಾಚೆಯಿಂದ ಹರಿಗೋಲಿನಲ್ಲಿ ಬಂದರು. ಬಂದವರಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ ಮುಖ. ಹೊಸಪೇಟೆಯ ಸಂಘದವರಿಗೆ ಪಂದ್ಯಕ್ಕೆ ಬರ್ರಿ ಎಂದು ಎರಡು ಮೂರು ಸಲ ಹೇಳಿಕಳಿಸಿದೆ. ಹಳ್ಳಿ ಆಟಕ್ಕೆ ಬಿಡುವಿಲ್ಲ ಎಂಬ ಉತ್ತರ ಬಂತು. ನನ್ನ ಮದುವೆಯಾಯಿತು, ಮಕ್ಕಳಾದವು. ನನ್ನ ಹಗೆ ಮಾತ್ರ ಇದ್ದ ಹಾಗೇ ಇತ್ತು, ಉಪ್ಪಿನಕಾಯಿಯಂತೆ ಹಳೆಯದಾದಷ್ಟೂ ರುಚಿಯಾಗುತ್ತ.

ಯುದ್ಧದ ಕಾಲಕ್ಕೆ ಸರ್ಕಾರದವರು ಭತ್ತದ ಚೀಲ ಒಟ್ಟಲು ಜಾಗ ಹುಡುಕುತ್ತ ಸಂಘದ ಆ ಮಹಡಿಯ ಮನೆಯನ್ನೂ ತೆಗೆದುಕೊಂಡರು. ಸಂಘ ಮುಚ್ಚಿತು. ಆ ಸುದ್ದಿ ಕೇಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಏಕೆಂದು ಹೆಂಡತಿಗೆ ಹೇಳಲಿಲ್ಲ. ವಕೀಲನ ಹೆಂಡತಿಗೆ ತವರಿನಿಂದ ಬಂದ ಗದ್ದೆ ಕಂಪ್ಲಿಯಲ್ಲೇ ಇತ್ತು. ವಕೀಲಿ ಕುಂದಿದ್ದರಿಂದ ಅವನು ಅದನ್ನು ನೋಡಿಕೊಳ್ಳಲು ನಮ್ಮೂರಿಗೇ ಬಂದು ನಿಂತ. ದೇವರು ಅಷ್ಟು ಸರಿಯಾಗಿ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಬಂದ ಕೆಲವೇ ದಿನಕ್ಕೆ, ಒಂದು ಸಂಜೆ ಕಟ್ಟೆಯ ಮುಂದೆ ಬಂದು ನಿಂತ. ಕೂದಲು ಬೆಳ್ಳಗಾಗಿತ್ತು, ಶಲ್ಯ ಮಾಸಿತ್ತು. ಆಟವಿಲ್ಲದೆ ಕೈ ಕಟ್ಟಿಹಾಕಿದ ಹಾಗಾಗಿದೆ, ಇಲ್ಲಿ ಒಂದು ಆಟಕ್ಕೆ ಕೂರಬಹುದೇ ಎಂದು ವಿನಯದಿಂದಲೇ ಕೇಳಿದ. ನನ್ನ ಮುಖ ನೋಡಿದ. ಗುರುತಿನ ಲಕ್ಷಣ ಏನೂ ಕಾಣಲಿಲ್ಲ. ನಾನು ಇಷ್ಟು ವರ್ಷ ಹಗಲಿರುಳು ಹೊತ್ತು ತಿರುಗಿದ ಮನುಷ್ಯನ ನೆನಪಿನಲ್ಲಿ ನಾನೇ ಇಲ್ಲ! ಇದ್ದ ಸಿಟ್ಟಿಗೆ ತುಪ್ಪ ಸುರಿದಂತಾಯಿತು.

ನಮ್ಮ ಕಟ್ಟೆಯಲ್ಲಿ ಅಲ್ಲಿಯತನಕ ಸದಸ್ಯತ್ವ ಎಂಬ ಶಬ್ದವೇ ಇರಲಿಲ್ಲ. ನಿಂತ ನಿಲುವಿನಲ್ಲಿ ಕಟ್ಟಳೆ ಮಾಡಿದೆ. ಹೊರಗಿನಿಂದ ಬಂದವರು, ವಯಸ್ಸು ಎಷ್ಟೇ ಇರಲಿ, ಇಲ್ಲಿ ಮೊದಲು ಕಿರಿಯ ಸದಸ್ಯರು. ಒಂದು ವರ್ಷ ಬಂದು ನೋಡಬೇಕು, ಆಮೇಲೆ ನನ್ನ ಎದುರು ಪರೀಕ್ಷೆಯ ಆಟ, ಅದರಲ್ಲಿ ಸೈ ಅನ್ನಿಸಿಕೊಂಡರೆ ಕೂರಲು ಜಾಗ ಎಂದೆ. ಕಟ್ಟೆಯ ಮೇಲಿದ್ದವರು ನನ್ನ ಬಾಯಿಯನ್ನೇ ನೋಡಿದರು. ನಾನು ಎಷ್ಟೋ ವರ್ಷದಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತನ್ನು ಆಗ ಉಗುಳಿದೆ:

"ನೋಡೋದೂ ಒಂದು ಸದಸ್ಯತ್ವನ ರೀ ವಕೀಲ್ರ. ನಿಂತು ನೋಡ್ರಿ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಸಿಟ್ಟಾಗಿ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಚಪ್ಪಲಿ ಬಿಟ್ಟು ಮೇಲೆ ಬಂದು, ಕಟ್ಟೆಯ ಕಂಬದ ಪಕ್ಕ ಕೈಕಟ್ಟಿ ನಿಂತ.

ಆ ವರ್ಷ ನಾನು ನಿದ್ದೆ ಮಾಡಿದಷ್ಟು ಚೆನ್ನಾಗಿ ಇನ್ನಾವ ವರ್ಷವೂ ಮಾಡಿಲ್ಲ. ಅವನು ದಿನಾ ಬರುತ್ತಿದ್ದ, ದಿನಾ ನಿಲ್ಲುತ್ತಿದ್ದ. ಅವನು ಕಾಲು ಬದಲಿಸುವುದು ಕಂಡರೆ ಗೆಲ್ಲುವ ಆಟವನ್ನೂ ಎಳೆದು ಬೆಳೆಸುತ್ತಿದ್ದೆ. ಕಂಬಕ್ಕೆ ಒರಗಿದರೆ ಸುಣ್ಣ ಹತ್ತುತ್ತದೆ ಎಂದು ಎಚ್ಚರಿಸುತ್ತಿದ್ದೆ. ಅಜ್ಜಿ ಅವನಿಗೆ ಮಜ್ಜಿಗೆ ಕಳಿಸಿದರೆ ನಿಂತೇ ಕುಡಿಯಲಿ ಎಂದು ನೋಡಿಕೊಂಡೆ. ವಯಸ್ಸಾದವನನ್ನು ಹೀಗೆ ನಿಲ್ಲಿಸಿದರೆ ಶಿವ ಮೆಚ್ಚುವುದಿಲ್ಲ ಎಂದು ಆಕೆ ಬೈದಳು. ಇವನೇ ನಿನ್ನ ಆಟವನ್ನು ಅಡಿಗೆಮನೆಗೆ ಕಳಿಸಿದವನು ಎಂದು ಆಗ ಆಕೆಗೆ ಹೇಳಿದೆ. ಅಡಿಗೆಮನೆಯೇನು ಕೆಟ್ಟ ಜಾಗವೇ, ಅನ್ನ ಅಲ್ಲೇ ಆಗುವುದು ಎಂದು ಒಳಗೆ ಹೋದಳು. ಆಕೆಯ ಪರವಾಗಿ ನಾನು ಕಾದಿಟ್ಟ ಸಿಟ್ಟಿಗೆ ಆಕೆಯಿಂದ ಸಿಕ್ಕ ಬೆಲೆ ಇಷ್ಟೇ. ಪರವಾಗಿಲ್ಲ, ಅದು ನನ್ನದೂ ಹೌದು ಎಂದು ಮುಂದುವರಿಸಿದೆ.

ವರ್ಷ ತುಂಬಿದ ಸಂಜೆ ಕಟ್ಟೆ ಕಿಕ್ಕಿರಿದಿತ್ತು. ಸಂಡೂರಿನವರಿಗೂ ನಾನೇ ಹೇಳಿಕಳಿಸಿದ್ದೆ. ಅಜ್ಜಿಯ ಕೆಂಪು ಹಾಸನ್ನು ಬಿಚ್ಚಿ, ಆಕೆ ಕೌದಿ ಹೊಲಿಯುವ ಬಿಳಿಯ ದಾರವನ್ನು ನನ್ನ ಒಂದು ಕಾಲಾಳಿನ ಕುತ್ತಿಗೆಗೆ ಕಟ್ಟಿದೆ. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದರಿಂದಲೇ ವಕೀಲರಿಗೆ ಮಾತ್ ಎಂದೆ. ಜನರ ನಡುವೆ ಗುಸುಗುಸು ಎದ್ದಿತು. ಬಾಗಿಲಲ್ಲಿ ಕುಳಿತಿದ್ದ ಅಜ್ಜಿ ಗಂಟಲು ಸರಿಮಾಡಿಕೊಂಡಳು. ವಕೀಲ ದಾರವನ್ನು ನೋಡಿ ತಲೆಯಾಡಿಸಿದ.

ನಮ್ಮ ಕಡೆ ರಾಜನ ಜಿಗಿತವನ್ನು ಯಾರೂ ಉಳಿಸಿಟ್ಟುಕೊಳ್ಳುವುದಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ರಾಜನನ್ನು ಮೂಲೆಯ ಕಡೆ ಜಿಗಿಸಿ ಭದ್ರಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಬೇಕೆಂದೇ ರಾಜನನ್ನು ಎತ್ತರಕ್ಕೆ ಎತ್ತಿ, ಹಾಸಿನ ಕೆಳಗಿನ ಹಲಗೆ ಸದ್ದಾಗುವಂತೆ ಕುಕ್ಕಿ ಅವನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ಆಟವನ್ನೇ ನೋಡುತ್ತಿದ್ದ. ಅವನ ರಾಜ ಮಾತ್ರ ಹಾಸಿನ ನಡುವಿನ ಮನೆಯಲ್ಲೇ ಸುಮ್ಮನೆ ನಿಂತಿದ್ದ.

ಆಟ ಬೆಳೆಯಿತು. ಹಂಪಿಯ ಕಲ್ಲಿನ ಮೇಲೆ ನೂರಾರು ಸಲ ಆಡಿದ್ದೇ ಮತ್ತೆ ಆದ ಹಾಗಿತ್ತು. ನಾನು ಆಸೆ ತೋರಿಸಿದಲ್ಲಿ ಅವನು ದಾರಿ ಬಿಟ್ಟ, ಬಿಡುತ್ತಾನೆಂದು ನನಗೆ ಗೊತ್ತಿತ್ತು. ದಾರದ ಕಾಲಾಳಿಗೆ ದಾರಿ ಮಾಡಲು ನನ್ನಲ್ಲಿ ಉಳಿದಿದ್ದ ಒಂದೇ ಆನೆಯನ್ನು ಕೊಟ್ಟೆ, ಆಮೇಲೆ ಮಂತ್ರಿಯನ್ನೂ ಕೊಟ್ಟೆ. ಜನ ಉಸಿರು ಬಿಗಿಹಿಡಿದರು. ಅವನು ನಶ್ಯದ ಡಬ್ಬಿ ತಟ್ಟತೊಡಗಿದ. ಆ ಸದ್ದು ನನಗೆ ಮಂಗಳವಾದ್ಯದ ಹಾಗೆ ಕೇಳಿತು. ಕೊನೆಗೆ ದಾರದ ಕಾಲಾಳನ್ನು ಒಂದು ಮನೆ ಮುಂದಿಟ್ಟು ಅವನ ರಾಜನಿಗೆ ಶಹ ಕೊಟ್ಟೆ. ಸುತ್ತಲಿನ ಮನೆಗಳೆಲ್ಲ ನನ್ನ ಕಾವಲಿನಲ್ಲಿದ್ದವು. ಹೊಸಪೇಟೆಯ ಮೆಟ್ಟಿಲು ಇಳಿದ ದಿನದಿಂದ ಕಾದಿಟ್ಟ ಒಂದು ಶಬ್ದವನ್ನು, ಬೀದಿಯ ಕೊನೆಗೂ ಕೇಳುವ ಹಾಗೆ ಅಂದೆ.

"ಮಾತ್."

ವಕೀಲ ಡಬ್ಬಿಯನ್ನು ಕೆಳಗಿಟ್ಟ. ಆಮೇಲೆ ಕನ್ನಡಕ ತೆಗೆದು, ಶಲ್ಯದ ಅಂಚಿನಿಂದ ನಿಧಾನವಾಗಿ ಒರೆಸತೊಡಗಿದ.

ಆ ಕಟ್ಟೆಯ ಮೇಲೆ ಅದರ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಹಾಸನ್ನು ಮತ್ತೆ ನೋಡಿದೆ. ಎಲ್ಲಿ ತಪ್ಪಿದೆ ಎಂದು ನನಗೆ ಹೊಳೆದದ್ದು, ಅವನು ರಾಜನನ್ನು ಎರಡು ಬೆರಳಿನಲ್ಲಿ ಎತ್ತಿದ ಮೇಲೆ. ಎತ್ತಿ, ನನ್ನ ಕಾವಲನ್ನೆಲ್ಲ ದಾಟಿಸಿ, ಕುದುರೆಯ ಹಾಗೆ ಜಿಗಿಸಿ ಒಂದು ಖಾಲಿ ಮನೆಯಲ್ಲಿ ಇಟ್ಟ. ಅಜ್ಜಿ ಕಲಿಸಿದ ಜಿಗಿತ. ಅದಕ್ಕಾಗಿ ನನ್ನನ್ನು ನಗೆಗೀಡು ಮಾಡಿದ ಜಿಗಿತ. ಅವನ ರಾಜ ಜಿಗಿಯಬಲ್ಲ ಎಂಬುದನ್ನು ಆ ಊರಿನಲ್ಲಿ ಮರೆತವನೂ ನಾನೊಬ್ಬನೇ.

"ಕಂಪ್ಲ್ಯಾಗ ರಾಜ್ರು ಜಿಗೀತಾರ," ಎಂದ, ಕನ್ನಡಕ ಹಾಕಿಕೊಳ್ಳುತ್ತ. "ನಂಗ ನೆನಪದರಿ. ಮೊದಲ ದಿನಾನೂ ನೆನಪಿತ್ತು."

ಬಹುವಚನ ಹಚ್ಚಿ ಅಂದ. ಮುಖದಲ್ಲಿ ನಗುವಿರಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು. ನನ್ನ ಗುರುತು ಹಿಡಿದೇ ಆ ಕಂಬದ ಪಕ್ಕ ನಿಂತಿದ್ದ. ನಾನು ಯಾಕೆ ನಿಲ್ಲಿಸಿದ್ದೇನೆಂದು ಗೊತ್ತಿದ್ದೇ ಒಂದು ವರ್ಷ ಕಾಲು ಬದಲಿಸಿದ್ದ. ನಾನು ಅವನನ್ನು ನೋಡಿದ ಹಾಗೆಯೇ ಅವನೂ ನನ್ನನ್ನು ನೋಡಿ ನೋಡಿ ಅರೆದು ಕುಡಿದಿದ್ದ. ಆ ಪಾಠಕ್ಕೆ ಜಾಗ ಕೊಟ್ಟವನೂ ನಾನೇ.

ಆನೆಯಿಲ್ಲ, ಮಂತ್ರಿಯಿಲ್ಲ, ದಾರ ಕಟ್ಟಿದ ಒಂದು ಕಾಲಾಳು ಯಾರೂ ಇಲ್ಲದ ಮನೆಯ ಮುಂದೆ ನಿಂತಿತ್ತು. ಮುಂದಿನ ಆಟವನ್ನು ಬರೆಯುವ ಅಗತ್ಯವಿಲ್ಲ. ಸೋತೆ. ಬಾಗಿಲಲ್ಲಿ ಅಜ್ಜಿ, ಜಿಗಿತ ಉಳಿಸಿಕೊಂಡಿದ್ದನೇ, ಭಲೇ ಎಂದು ತನ್ನಷ್ಟಕ್ಕೆ ಹೇಳಿಕೊಂಡದ್ದು ಎಲ್ಲರಿಗೂ ಕೇಳಿತು.

ಮರುದಿನ ಸಂಜೆ ಅವನು ಬಂದ. ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ನೇರವಾಗಿ ಕಂಬದ ಪಕ್ಕಕ್ಕೆ ಹೋಗಿ ಕೈಕಟ್ಟಿ ನಿಂತ. ಕಟ್ಟೆಯ ಮೇಲಿದ್ದವರೆಲ್ಲ ಅವನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ಕಟ್ಟಳೆ ಮಾಡಿದವನು ನಾನು. ಪರೀಕ್ಷೆಯಲ್ಲಿ ಸೈ ಅನ್ನಿಸಿಕೊಂಡವನಿಗೆ ಜಾಗ ಎಂದು ಬಾಯಿಬಿಟ್ಟು ಹೇಳಿದವನೂ ನಾನು. ಹಾಸಿನ ಆಚೆ ಬದಿಯ ಚಾಪೆಯನ್ನು ಕೊಡವಿ ಹಾಕಿದೆ.

"ಕುಂದ್ರಿ," ಎಂದೆ.

ಅಷ್ಟು ವರ್ಷ ಆ ಮಹಡಿಯ ಗೋಡೆಯ ಪಕ್ಕ ನಿಂತು ನಾನು ಅವನ ಬಾಯಿಂದ ಕೇಳಲು ಕಾದದ್ದು ಈ ಒಂದು ಮಾತಿಗೆ. ಅವನು ಹೇಳಲಿಲ್ಲ. ಕೊನೆಗೆ ನಾನೇ ಅವನಿಗೆ ಹೇಳಬೇಕಾಯಿತು. ಅದಕ್ಕೂ ಸೇರಿಸಿ ಅವನನ್ನು ಕ್ಷಮಿಸಿಲ್ಲ.